ಸಹಾಯ ಬೇಕು: ಹಳೆಯ ತೊಗಲು ಗೊಂಬೆಗೆ ಬೂಸ್ಟು ಹಿಡಿದಿದೆ

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದಿಂದ ಹಳೆಯ ತೊಗಲು ಗೊಂಬೆ ಕೂಡಿಡುತ್ತಿದ್ದೇನೆ. ಹೋದ ತಿಂಗಳು ಬಳ್ಳಾರಿ ಕಡೆಯ ಒಂದು ಮನೆಯಿಂದ ಆರು ಗೊಂಬೆ ಸಿಕ್ಕವು. ಅವರ ತಾತ ಆಡಿಸುತ್ತಿದ್ದ ಗೊಂಬೆಗಳಂತೆ. ಅದರಲ್ಲೊಂದು ಹತ್ತು ತಲೆಯ ರಾವಣ, ಸುಮಾರು ಮೂರು ಅಡಿ. ದೀಪದ ಮುಂದೆ ಹಿಡಿದರೆ ಕಿರೀಟದ ಸಣ್ಣ ಸಣ್ಣ ತೂತುಗಳಲ್ಲಿ ಬೆಳಕು ಮಿನುಗುತ್ತದೆ. ಕೆಂಪು ಬಣ್ಣ ಇನ್ನೂ ಕೆಂಡದ ಹಾಗಿದೆ.

ಆದರೆ ಟ್ರಂಕಿನಲ್ಲಿ ಮಡಚಿಟ್ಟಿದ್ದರಿಂದ ಒಂದು ಕೈ ಸುರುಟಿಕೊಂಡಿದೆ. ಹಿಂಬದಿಗೆ ಬಿಳಿ ಬೂಸ್ಟು. ಒದ್ದೆ ಬಟ್ಟೆ ತಾಗಿಸಲು ಭಯ, ಬಣ್ಣ ಬಿಟ್ಟುಬಿಟ್ಟರೆ? ಬಿಸಿಲಿಗಿಟ್ಟರೆ ಇನ್ನೂ ಜಾಸ್ತಿ ಸುರುಟುತ್ತದೆ. ಸದ್ಯ ಒಣ ಬ್ರಶ್‌ನಲ್ಲಿ ಮೆಲ್ಲಗೆ ಒರೆಸಿ, ಹಳೆಯ ಪಂಚೆಯ ಮಡಿಕೆಯಲ್ಲಿ ಮಲಗಿಸಿದ್ದೇನೆ. ಹೊಸ ಬಣ್ಣ ಬಳಿಸಿ ಎಂದು ಒಬ್ಬರು ಹೇಳಿದರು. ಅದಕ್ಕೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ.

ಗೊಂಬೆ ಮಾಡುವ ಕಿಳ್ಳೇಕ್ಯಾತ ಮನೆತನದವರು ಯಾರಾದರೂ ಪರಿಚಯ ಇದ್ದರೆ ದಯವಿಟ್ಟು ತಿಳಿಸಿ, ನಾನೇ ಊರಿಗೆ ಹೋಗುತ್ತೇನೆ. ಇನ್ನೊಂದು ವಿಷಯ. ಹಿಂದೆ ಆಡಿನ ತೊಗಲಷ್ಟೇ ಅಲ್ಲ, ಜಿಂಕೆ ತೊಗಲಲ್ಲೂ ಮಾಡುತ್ತಿದ್ದರು. ಇದು ಯಾವುದೆಂದು ಕಂಡುಹಿಡಿಯುವುದು ಹೇಗೆ? ಜಿಂಕೆಯದಾದರೆ 1972ರ ವನ್ಯಜೀವಿ ಕಾಯ್ದೆ ಇದೆ, ಸುಮ್ನೆ ಇಟ್ಟುಕೊಳ್ಳುವ ಹಾಗಿಲ್ಲ ಅಲ್ವಾ? ಯಾರನ್ನು ಕೇಳಬೇಕು?

ಮಾರುವುದಕ್ಕಲ್ಲ, ದಯವಿಟ್ಟು ರೇಟು ಕೇಳಬೇಡಿ. ಫೋಟೋ ಕಾಮೆಂಟಿನಲ್ಲಿ ಹಾಕುತ್ತೇನೆ.