ಪದ ಬೇಕು: ‘ಪ್ರೈವೇಟ್ ಮಾರ್ಕೆಟ್’ಗೆ ಕನ್ನಡ (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಹೂಡಿಕೆ ಬಗ್ಗೆ ಒಂದು ಕರಪತ್ರ ಅನುವಾದ ಮಾಡುತ್ತಿದ್ದೇನೆ, ಸಂಜೆ ಪ್ರೆಸ್‌ಗೆ ಹೋಗಬೇಕು. ಪ್ರೈವೇಟ್ ಮಾರ್ಕೆಟನ್ನು (ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಸಿಗದ ಹೂಡಿಕೆಗಳನ್ನು) ಪಬ್ಲಿಕ್ ಫಂಡ್, ಅಂದರೆ ಯಾರು ಬೇಕಾದರೂ ಸೇರಬಹುದಾದ ಫಂಡ್ ಮೂಲಕ ರೀಟೇಲ್ ಇನ್ವೆಸ್ಟರ್‌ಗಳಿಗೆ, ಅಂದರೆ ಸಣ್ಣ ಮೊತ್ತ ಹಾಕುವ ಸಾಮಾನ್ಯ ಜನರಿಗೆ ತೆರೆಯುವ ವಿಷಯ. ನಮ್ಮಲ್ಲಿ ಇಂಥ ಹೂಡಿಕೆ ಮಾಡುವ ಎಐಎಫ್ (ಪರ್ಯಾಯ ಹೂಡಿಕೆ ಫಂಡ್) ಸೇರಲು ಸಾಮಾನ್ಯವಾಗಿ ಕನಿಷ್ಠ 1 ಕೋಟಿ ರೂಪಾಯಿ ಬೇಕು. ಯುರೋಪಿನ ಎಲ್ಟಿಫ್ ಎಂಬ ದೀರ್ಘಾವಧಿ ಫಂಡ್‌ಗಳಲ್ಲಿ ಸಣ್ಣವರಿಗಿದ್ದ ಕನಿಷ್ಠ 10,000 ಯೂರೋ ಷರತ್ತು 2024ರ ಜನವರಿಯಲ್ಲಿ ಹೋಯಿತು. ಹಾಗೆಲ್ಲ ಬರುತ್ತದೆ.

‘ಖಾಸಗಿ ಮಾರುಕಟ್ಟೆ’ ಅಂದರೆ ಎಪಿಎಂಸಿ ಹೊರಗಿನ ಮಂಡಿ ಅನ್ನಿಸುತ್ತದೆ. ‘ಸಾರ್ವಜನಿಕ ನಿಧಿ’ ಅಂದರೆ ಸರ್ಕಾರದ ದುಡ್ಡು. ‘ಚಿಲ್ಲರೆ ಹೂಡಿಕೆದಾರ’ ಅಂತೂ ಬೈಗುಳವೇ. ಏನು ಹಾಕಲಿ?

> ಖಾಸಗಿ ನಮ್ಮದಲ್ಲ, ಅರಬ್ಬಿಯ ‘ಖಾಸ್’. ‘ಮುಚ್ಚುಪೇಟೆ’ ಅನ್ನಿ. ಎದುರಿಗೆ ‘ತೆರೆಪೇಟೆ’. ಪೇಟೆ ನಮ್ಮದು. ಹೂಡಿಕೆಯೂ ನಮ್ಮದು, ನೇಗಿಲಿಗೆ ಎತ್ತು ಹೂಡುವ ‘ಹೂಡು’. ಬಂಡವಾಳವೂ ಅಚ್ಚಗನ್ನಡ. ಇಷ್ಟೆಲ್ಲ ಇಟ್ಟುಕೊಂಡು ಕಡ ಯಾಕೆ?

ಬಂಡವಾಳದ ‘ಬಂಡ’ ಸಂಸ್ಕೃತದ ಭಾಂಡ. ಮರಾಠಿಯಲ್ಲೂ ಭಾಂಡವಲ. ನಿಘಂಟು ತೆರೆದು ಬರೆಯಿರಿ ಸರ್. ಮುಚ್ಚುಪೇಟೆ ಅಂದರೆ ಬಂದ್ ದಿನದ ಚಿಕ್ಕಪೇಟೆ.

ಮೇಡಂ, ನಾನು ಫಂಡ್ ಕೆಲಸದಲ್ಲಿರುವವನು. ಪತ್ರಿಕೆಯವರು ಲಿಸ್ಟೆಡ್‌ಗೆ, ಅಂದರೆ ಷೇರುಪೇಟೆಯಲ್ಲಿ ಷೇರು ಸಿಗುವ ಕಂಪನಿಗೆ, ‘ನೋಂದಾಯಿತ’ ಅನ್ನುತ್ತಾರೆ. ಅದನ್ನು ತಿರುಗಿಸಿ ‘ನೋಂದಣಿಯಾಗದ ಕಂಪನಿ’ ಅಂತ ಮಾತ್ರ ಹಾಕಬೇಡಿ, ಓದಿದವರು ಬೋಗಸ್ ಕಂಪನಿ ಅಂದುಕೊಳ್ಳುತ್ತಾರೆ. ‘ಷೇರುಪೇಟೆಯ ಹೊರಗಿನ ಹೂಡಿಕೆ’ ಸಾಕು. ಅದರಲ್ಲಿ ಸಾಲ, ಕಟ್ಟಡ, ಹೆದ್ದಾರಿ ಎಲ್ಲ ಬರುತ್ತದೆ.

ಹೆಸರಿಗಿಂತ ಮುಖ್ಯ, ದುಡ್ಡು ಯಾವಾಗ ವಾಪಸ್ ಬರುತ್ತದೆ ಅನ್ನೋದು. ಬ್ರಿಟನ್ನಿನ ವುಡ್‌ಫರ್ಡ್ ಫಂಡ್ ದಿನಾ ದುಡ್ಡು ಕೊಡುತ್ತೇನೆ ಅಂದಿತ್ತು, ಒಳಗೆ ಬೇಗ ಮಾರಲಾಗದ ಷೇರು ಜಾಸ್ತಿ. ಜನ ವಾಪಸ್ ಕೇಳುತ್ತಾ ಹೋದರು, 2019ರ ಜೂನ್‌ನಲ್ಲಿ ದುಡ್ಡು ವಾಪಸಾತಿಯ ಬಾಗಿಲು ಮುಚ್ಚಿತು. ಅಮೆರಿಕದ ಇಂಟರ್ವಲ್ ಫಂಡ್‌ಗಳು ಮೊದಲೇ ಹೇಳಿಬಿಡುತ್ತವೆ: ಇಂತಿಷ್ಟು ತಿಂಗಳಿಗೊಮ್ಮೆ, ಫಂಡಿನ ಒಟ್ಟು ಷೇರುಗಳಲ್ಲಿ 5ರಿಂದ 25 ಪರ್ಸೆಂಟ್ ಮಾತ್ರ ವಾಪಸ್ ಕೊಳ್ಳುತ್ತೇವೆ ಅಂತ.

> ‘ಮುಚ್ಚಿತು’ ಅಂತ ನೀವೇ ಬರೆದಿರಿ! ಮುಚ್ಚುಪೇಟೆ ಸರಿಯಾಗಿಯೇ ಇದೆ. ‘ಷೇರು’ ಇಂಗ್ಲಿಷು. ‘ಪಾಲುಪೇಟೆ’ ಅನ್ನಿ.

ಪಾಲುಪೇಟೆ ಅಂದರೆ ತಮಿಳರು ಹಾಲಿಗೆ ಕ್ಯಾನ್ ಹಿಡಿದು ಬರುತ್ತಾರೆ, ಅಲ್ವಾ? ಜಮೆ, ವಸೂಲಿ, ರಸೀದಿ, ಬಾಕಿ, ಇಷ್ಟನ್ನೂ ಬಿಟ್ಟು ನಿಮ್ಮ ಮನೆ ಲೆಕ್ಕ ಒಂದು ತಿಂಗಳು ಬರೆದು ತೋರಿಸಿ. ಆಮೇಲೆ ಮಾತಾಡೋಣ.

> ಬಾಕಿ ಬಿಟ್ಟರೆ ‘ಉಳಿಕೆ’ ಇದೆ. ನಿಮಗೆ ಕಡದ ಚಟ.

ಪ್ರೆಸ್‌ನಿಂದ ಫೋನ್ ಬಂತು, ಹೀಗೆ ಕಳಿಸಿದೆ: ‘ಷೇರುಪೇಟೆಯ ಹೊರಗಿನ ಹೂಡಿಕೆ: ಎಲ್ಲರಿಗೂ ತೆರೆದ ಫಂಡ್‌ಗಳ ಮೂಲಕ ಸಣ್ಣ ಹೂಡಿಕೆದಾರರಿಗೂ ಅವಕಾಶ. ಬೇಕೆಂದಾಗ ದುಡ್ಡು ವಾಪಸ್ ಸಿಗದೇ ಇರಬಹುದು.’ ಎರಡನೇ ವಾಕ್ಯ ಮೂಲದಲ್ಲಿ ಕೊನೇ ಪುಟದ ಸಣ್ಣ ಅಕ್ಷರದಲ್ಲಿತ್ತು, ಮೇಲಕ್ಕೆ ತಂದಿದ್ದೇನೆ. ಫಂಡ್ ಸರ್‌ಗೆ ಥ್ಯಾಂಕ್ಸ್.

> ‘ಫಂಡ್’ ಹಾಗೇ ಬಿಟ್ಟಿರಾ?