ಅಪ್ಪ ಒಬ್ಬರೇ ವಾಕಿಂಗ್ ಹೋದರೆ ಅಮೆರಿಕಾದ ಪೊಲೀಸರು ತಡೆಯುತ್ತಾರಾ?

ಹಾಸನದ ಹುಡುಗಿ
ಮುಂದಿನ ತಿಂಗಳು ಅಪ್ಪ ಅಮ್ಮ ಬರುತ್ತಿದ್ದಾರೆ, ನಾವು ಇರೋದು ಅಟ್ಲಾಂಟಾ ಹತ್ತಿರ. ಅಪ್ಪನಿಗೆ ಬೆಳಕು ಹರಿಯುವ ಮುಂಚೆ ಮಂಕಿ ಕ್ಯಾಪ್ ಹಾಕಿಕೊಂಡು ಒಂದು ಸುತ್ತು ಹೋಗಿ ಬರಲೇಬೇಕು. ಮೈಬಣ್ಣ ಕಪ್ಪು, ಇಂಗ್ಲಿಷ್ ಅಷ್ಟಕ್ಕಷ್ಟೇ. ಇಲ್ಲಿ ಬಣ್ಣ ನೋಡಿ ತಡೆಯುತ್ತಾರೆ ಅನ್ನುತ್ತಾರಲ್ಲ, ನನಗೆ ಭಯ. ನಮ್ಮ ಯಜಮಾನರು "ತಪ್ಪು ಮಾಡದವರಿಗೆ ಏನಾಗುತ್ತೆ" ಅನ್ನುತ್ತಾರೆ. ನಿಜಾನಾ?

ಪ್ರಸಾದ್ ಮಾಮ
ಇಲ್ಲಮ್ಮ, ನಿಜ ಅಲ್ಲ. 2015ರ ಫೆಬ್ರವರಿಯಲ್ಲಿ ನಿಮ್ಮ ಪಕ್ಕದ ಅಲಬಾಮಾದ ಮ್ಯಾಡಿಸನ್ ಊರಲ್ಲಿ ಏನಾಯ್ತು ನೋಡಿ. ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ಅಜ್ಜ, ಮಗನ ಮನೆ ಮುಂದಿನ ರಸ್ತೆಯಲ್ಲೇ ನಡೆಯುತ್ತಿದ್ದರು. ಯಾರೋ ಅಕ್ಕಪಕ್ಕದವರು ಪೊಲೀಸರಿಗೆ ಫೋನ್ ಮಾಡಿ "ಒಬ್ಬ ತೆಳ್ಳಗಿನ ಕಪ್ಪು ಮನುಷ್ಯ ಓಡಾಡ್ತಿದ್ದಾನೆ" ಅಂದರು. ಪೊಲೀಸ್ ಬಂದ. ಅಜ್ಜ "ನೋ ಇಂಗ್ಲಿಷ್" ಅಂತ ಹೇಳಿ ಮನೆ ಕಡೆ ಕೈ ತೋರಿಸಿದರು. ಅವರ ಕೈ ಹಿಂದಕ್ಕೆ ಹಿಡಿದು ಮುಖ ಅಡಿಯಾಗಿ ನೆಲಕ್ಕೆ ಕೆಡವಿದ. ಬೆನ್ನುಹುರಿಗೆ ಪೆಟ್ಟು ಬಿದ್ದು ಆಪರೇಷನ್ ಆಯ್ತು, ಮೈಗೆ ಭಾಗಶಃ ಲಕ್ವ. ಎಲ್ಲಾ ಪೊಲೀಸ್ ಗಾಡಿಯ ಕ್ಯಾಮೆರಾದಲ್ಲೇ ಇದೆ. ಆ ಪೊಲೀಸನ ಮೇಲೆ ಕೇಸ್ ಆಗಿ ಎರಡು ಸಲ ವಿಚಾರಣೆ ನಡೆದರೂ ಜ್ಯೂರಿಯಲ್ಲಿ (ತೀರ್ಪು ಹೇಳುವ ಸಾಮಾನ್ಯ ಜನರ ತಂಡದಲ್ಲಿ) ಒಮ್ಮತ ಬರಲಿಲ್ಲ, ಕೊನೆಗೆ ಜಡ್ಜ್ ಅವನನ್ನು ಬಿಡುಗಡೆ ಮಾಡಿದರು.

ನಮ್ಮವರಿಗೆ ಅಪರೂಪಕ್ಕೆ ಆಗುವ ಇದು ಇಲ್ಲಿನ ಕಪ್ಪು ಜನರಿಗೆ ದಿನದ ಮಾತು, ಅದನ್ನೂ ಮರೆಯಬಾರದು.

ಕ್ವೀನ್ಸ್ ಕನ್ನಡಿಗ
ನ್ಯೂಯಾರ್ಕಿನ ಲೆಕ್ಕವನ್ನು ನಿಮ್ಮ ಯಜಮಾನರಿಗೆ ತೋರಿಸಿ. ಇಲ್ಲಿ ರಸ್ತೆಯಲ್ಲಿ ತಡೆದು ಮೈ ತಡವಿ ನೋಡುವ ಪದ್ಧತಿ ಮೇಲೆ ಕೇಸ್ ನಡೆದು, 2013ರಲ್ಲಿ ಜಡ್ಜ್ ಶೀರಾ ಶೈಂಡ್ಲಿನ್ ಅದು ನಡೆಯುತ್ತಿದ್ದ ರೀತಿ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟರು. 2004ರಿಂದ 2012ರ ನಡುವೆ ಇಂಥ 44 ಲಕ್ಷ ತಡೆಗಳು. ಶೇ. 83ರಷ್ಟು ಸಲ ತಡೆದದ್ದು ಕಪ್ಪು ಅಥವಾ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ದೇಶಗಳ ಮೂಲದ) ಜನರನ್ನು. ಶೇ. 88ರಷ್ಟು ಸಲ ಬಂಧನವೂ ಇಲ್ಲ, ಕೇಸೂ ಇಲ್ಲ, ಸುಮ್ನೆ ಕಳಿಸಿದ್ದಾರೆ! ಅಂದರೆ ತಪ್ಪು ಮಾಡದವರೇ ಜಾಸ್ತಿ ಸಿಕ್ಕಿಬಿದ್ದದ್ದು.

ರವಿ_ದಾವಣಗೆರೆ
ಆದರೆ ಕ್ರೈಂ ಜಾಸ್ತಿ ಇರುವ ಏರಿಯಾದಲ್ಲೇ ತಾನೆ ತಡೆಯೋದು? ಅದರಲ್ಲಿ ಬಣ್ಣದ ಪ್ರಶ್ನೆ ಎಲ್ಲಿ ಬಂತು?

ಕ್ವೀನ್ಸ್ ಕನ್ನಡಿಗ
ರವಿ, ಆ ವಾದವನ್ನು ಕೋರ್ಟಿನಲ್ಲಿ ಪೊಲೀಸರೂ ಮಾಡಿದ್ದರು. ಏರಿಯಾದ ಕ್ರೈಂ ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೂ ಕಪ್ಪು ಜನ ಜಾಸ್ತಿ ಇರುವ ಕಡೆ ತಡೆಗಳೂ ಜಾಸ್ತಿ ಇದ್ದವು. ಇನ್ನೊಂದು, ತಡೆದ ಬಿಳಿಯರಲ್ಲಿ ಶೇ. 1.4ರಷ್ಟು ಜನರ ಹತ್ತಿರ ಆಯುಧ ಸಿಕ್ಕಿತು, ಕಪ್ಪು ಜನರಲ್ಲಿ ಶೇ. 1 ಮಾತ್ರ. ಬಿಳಿಯರನ್ನು ತಡೆಯಲು ಗಟ್ಟಿ ಕಾರಣ ಬೇಕಿತ್ತು, ಕಪ್ಪು ಹುಡುಗನಿಗೆ ಅವನ ಮುಖವೇ ಸಾಕಿತ್ತು ಅಂತಲೇ ನಾನು ಓದಿಕೊಳ್ಳೋದು. 2011ರಲ್ಲಿ 6.85 ಲಕ್ಷ ಇದ್ದ ತಡೆಗಳು 2015ಕ್ಕೆ 25 ಸಾವಿರಕ್ಕಿಂತ ಕೆಳಗೆ ಬಂದವು. ಊರೇನೂ ಹಾಳಾಗಲಿಲ್ಲ. 2011ರಲ್ಲಿ 500 ದಾಟಿದ್ದ ಕೊಲೆಗಳು 2017ರಲ್ಲಿ 300ಕ್ಕಿಂತ ಕಡಿಮೆ.

ಶಾಂತಲಾ ಟೀಚರ್
ನಮ್ಮಲ್ಲೂ 1871ರಲ್ಲಿ ಬ್ರಿಟಿಷರು ಕಾನೂನು ತಂದು ಕೆಲವು ಸಮುದಾಯಗಳನ್ನೇ "ಅಪರಾಧಿ ಬುಡಕಟ್ಟು" ಅಂತ ಪಟ್ಟಿಗೆ ಸೇರಿಸಿದರು, ಹುಟ್ಟಿದ ಮಗುವೂ ಕಳ್ಳನೇ! 1952ರಲ್ಲಿ ಅದು ರದ್ದಾಯ್ತು. ಆದರೂ ಎಲ್ಲಿ ಕಳವಾದರೂ ಮೊದಲು ಅವರ ಗುಡಿಸಲಿಗೆ ಹೋಗುವ ಚಾಳಿ ಇನ್ನೂ ಹೋಗಿಲ್ಲ.

ಪ್ರಸಾದ್ ಮಾಮ
ಹಾಸನದವರಿಗೆ: ಅಪ್ಪನ ವಾಕಿಂಗ್ ನಿಲ್ಲಿಸಬೇಡಿ. ಮೊದಲ ವಾರ ಜೊತೆಗೆ ಹೋಗಿ ಅಕ್ಕಪಕ್ಕದವರಿಗೆ ಪರಿಚಯ ಮಾಡಿಸಿ. ಹೆಸರು, ಮನೆ ವಿಳಾಸ, ನಿಮ್ಮ ಫೋನ್ ನಂಬರ್ ಇಂಗ್ಲಿಷಿನಲ್ಲಿ ಬರೆದು ಕೊರಳಿಗೆ ಹಾಕುವ ಕಾರ್ಡ್ ಮಾಡಿಕೊಡಿ. ಪೊಲೀಸ್ ನಿಲ್ಲಿಸಿದರೆ ಜೇಬಿಗೆ ಕೈ ಹಾಕೋದು ಬೇಡ, ಎರಡೂ ಕೈ ಕಾಣುವ ಹಾಗೆ ಇಟ್ಟುಕೊಂಡು ನಿಂತಲ್ಲೇ ನಿಲ್ಲಲಿ. ಇಷ್ಟೆಲ್ಲ ಕಲಿಸಬೇಕಾಗಿ ಬಂದದ್ದಕ್ಕೆ ನನಗೂ ಸಿಟ್ಟಿದೆ, ಆದರೂ ಕಲಿಸಿ.