ಮುಠಾ ನೀರಿನ ಫೋಟೊದಾಗ ಫೇಜ್ ಯಾವುದು?

ಗುಂಪು: ಧಾರವಾಡ ಮೈಕ್ರೊಬಯಾಲಜಿ, ಮುಂಬೈ–ಪುಣೆ–ಗೋವಾ

ವಿನಾಯಕ (ಪುಣೆ): 📷 ಮುಠಾ ನದಿ ನೀರಿನ ಫೇಜ್ (ಬ್ಯಾಕ್ಟೀರಿಯಾಕ್ಕ ಹತ್ತೋ ವೈರಸ್), ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರ. ಕ್ಯಾಪ್ಶನ್: ‘ಸೈಫೊವಿರಿಡೆ’. ಒಂದ ಫೀಲ್ಡಿನಾಗ ಮೂರು ನಮೂನಿ: ಉದ್ದ ಬಾಲದ್ದು, ಬಾಲ ಇಲ್ಲದ ದುಂಡಂದು, ಬರೇ ಕಡ್ಡಿ.

ಸುಧಾ (ಮಾಟುಂಗಾ): ಉದ್ದ ಬಾಲದ್ದು ಖರೆ ಫೇಜ್. ಉಳಿದದ್ದು ಹಂಗ ಒಪ್ಪಾಕ ಆಗೂದಿಲ್ಲ. ಸ್ಕೇಲ್ ಬಾರ್ ಇರೋ ಮೂಲ ಫೈಲ್ ಹಾಕು. ಎಷ್ಟು ಸಾವಿರ ಪಟ್ಟು ಅನ್ನೋದು ಬ್ಯಾಡ, ಫೋನಿನಾಗ ಹಿಗ್ಗಿಸಿದ ಮ್ಯಾಲೆ ಅದಕ್ಕ ಅರ್ಥ ಇಲ್ಲ.

ವಿನಾಯಕ: ಹಾಕೀನಿ, ಬಾರ್ 100 ನ್ಯಾನೊಮೀಟರ್. ದುಂಡಂದು ಸುಮಾರು 60 ಬರ್ತದ. ಟಿ7 ಅನ್ನೋ ಫೇಜಿನ ತಲಿನೂ ಅಷ್ಟ ಅಲ್ಲೇನ್ರಿ ಅಕ್ಕಾ? ಅದರ ಗಿಡ್ಡ ಬಾಲ ಮ್ಯಾಲಿಂದ ಕಾಣೂದಿಲ್ಲ.

ಸುಧಾ: ಒಂದನ್ನ ಅಳದ್ರ ಸಾಲದು. ಫೇಜ್ ತಲಿಗೆ ಮೂಲಿ ಇರ್ತಾವ, ಒಂದ ಜಾತಿಯವು ಎಲ್ಲಾ ಒಂದ ಗಾತ್ರ. ಇವು 40, 60, 95 ಅದಾವ. ಅಂಚು ನುಣುಪು, ಕೆಲವು ಬಟ್ಟಲದಂಗ ಒಳಗ ಕುಸಿದಾವ. ಬ್ಯಾಕ್ಟೀರಿಯಾದ ಹೊರಪೊರೆಯಿಂದ ಉದುರಿದ ವೆಸಿಕಲ್ (ಸಣ್ಣ ಚೀಲ) ಇವು. ಕಡ್ಡಿ ಫ್ಲ್ಯಾಜೆಲ್ಲಾ (ಬ್ಯಾಕ್ಟೀರಿಯಾ ಈಜೋ ಎಳಿ) ತುಂಡು.

ರಮೇಶ (ಮಡಗಾಂವ): ಎಲ್ಲಾನೂ ತೆಗೀಬ್ಯಾಡ್ರಿ ಸುಧಕ್ಕ. ಎಡಕ್ಕಿರೋ ನಾಕರ ಮೂಲಿ ಚೂಪ ಅದಾವ, ನಡುವ ಕಪ್ಪು. ಡಿಎನ್‌ಎ ಹೊರಗ ಹೋದ ಖಾಲಿ ತಲಿಯೊಳಗ ಸ್ಟೇನ್ (ಚಿತ್ರದಾಗ ಕಪ್ಪು ಕಾಣೋ ಬಣ್ಣ) ಹೊಕ್ಕರ ಹಂಗ ಕಾಣ್ತದ, ತುಂಬಿದ ತಲಿ ಬೆಳ್ಳಗ ಇರ್ತದ. ಕಡ್ಡಿನೂ ಅಳೀರಿ: ಎಲ್ಲಾ ಹತ್ತತ್ರ 110, ನೆಟ್ಟಗ ಅದಾವ. ಫ್ಲ್ಯಾಜೆಲ್ಲಾ ಮುರಿದ್ರ ಒಂದು ಉದ್ದ, ಒಂದು ಗಿಡ್ಡ, ಅದೂ ಅಲೆಅಲೆಯಾಗಿ. ಬಾಲದ ಉದ್ದ ನಿಗದಿ ಮಾಡೂದು ಟೇಪ್ ಮೆಜರ್ ಪ್ರೋಟೀನು, ಅದಕ್ಕ ಒಂದ ಅಳತಿ.

ಸುಧಾ: ನಾಕು ತಲಿ ಸರಿ. ಕಡ್ಡಿನೂ ಫ್ಲ್ಯಾಜೆಲ್ಲಾ ಅಲ್ಲ, ಒಪ್ಪಿದೆ. ಆದ್ರ ಈ ಫೇಜಿನ ಬಾಲನೂ ಅಲ್ಲ. ಅದರದು 150, ಬಾಗ್ತದ, ಲ್ಯಾಮ್ಡಾ ಫೇಜಿನ ಬಾಲದಂಗ. ಎರಡು ಕಡ್ಡಿಗೆ ಕವಚ ಕುಗ್ಗಿ ಒಳಗಿನ ಸಣ್ಣ ನಳಿಗಿ ಹೊರಗ ಬಂದದ. ಬ್ಯಾರೆ ಫೇಜಿನ ಮುರಿದ ಬಾಲ ಇರಬೇಕು, ಇಲ್ಲಾ ಟೈಲೋಸಿನ್ (ಬ್ಯಾಕ್ಟೀರಿಯಾನ ಮಾಡೋ, ಫೇಜ್ ಬಾಲದಂಥ ಕೊಲ್ಲೋ ಕಣ).

ರಮೇಶ: ಅದನ್ನ ಫೋಟೊ ಹೇಳೂದಿಲ್ಲ, ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟ್ ಹೇಳ್ತದ. ಹತ್ತತ್ತು ಪಟ್ಟು ತೆಳು ಮಾಡಿ ಹನಿ ಇಡು ವಿನಾಯಕ. ಫೇಜ್ ಇದ್ರ ಬಿಡಿಬಿಡಿ ಪ್ಲಾಕ್ (ಬ್ಯಾಕ್ಟೀರಿಯಾ ಸತ್ತ ತಿಳಿ ಚುಕ್ಕಿ), ಟೈಲೋಸಿನ್ ಇದ್ರ ಕಲೆ ಮಸುಕಾಗಿ ಹೋಗ್ತದ, ಪ್ಲಾಕ್ ಬರೂದಿಲ್ಲ.

ಸುಧಾ: ಹಿಂದಿನ ಕರಿ ಕಾಳು ಏನು? ಬಫರ್ ಪಿಬಿಎಸ್ಸಾ (ಫಾಸ್ಫೇಟ್ ಇರೋ ಉಪ್ಪುನೀರು)?

ವಿನಾಯಕ: ಹೌದ್ರಿ, ಆಮ್ಯಾಲೆ 2% ಯುರೇನಿಲ್ ಅಸಿಟೇಟ್ ಸ್ಟೇನ್.

ಸುಧಾ: ಫಾಸ್ಫೇಟ್ ಜೋಡಿ ಯುರೇನಿಲ್ ಗರಣೆ ಕಟ್ಟತದ. ಮಾದರಿಯ 5 ಮೈಕ್ರೊಲೀಟರ್ ಹನಿ ಗ್ರಿಡ್ (ಮಾದರಿ ಇಡೋ ಸಣ್ಣ ಜಾಳಿಗಿ) ಮ್ಯಾಲೆ ಒಂದು ನಿಮಿಷ ಬಿಟ್ಟು, ಫಿಲ್ಟರ್ ಪೇಪರ್ ಅಂಚಿನಿಂದ ಹೀರಿ, ನೀರಿನ ಎರಡು ಹನಿ ಮ್ಯಾಲೆ ತೊಳದು ಆಮ್ಯಾಲೆ ಸ್ಟೇನ್ ಹಾಕು. ಗ್ರಿಡ್ಡಿಗೆ ಗ್ಲೋ ಡಿಸ್ಚಾರ್ಜ್ (ಪ್ಲಾಸ್ಮಾ ಹಾಯಿಸಿ ನೀರು ಹಿಡಿಯೋಹಂಗ ಮಾಡೂದು) ಮಾಡಿರಲಿ, ಇಲ್ಲಾಂದ್ರ ಹನಿ ಹರಡೂದಿಲ್ಲ. ಕ್ಯಾಪ್ಶನ್ನಿನ ಸೈಫೊವಿರಿಡೆನೂ ತೆಗಿ, ಐಸಿಟಿವಿ (ವೈರಸ್ ವರ್ಗೀಕರಣದ ಅಂತರರಾಷ್ಟ್ರೀಯ ಸಮಿತಿ) 2022ರಾಗ ಆ ಕುಟುಂಬ ಕೈಬಿಟ್ಟದ. ‘ಸೈಫೊ ಆಕಾರ’ ಅಂದ್ರ ಸಾಕು.

ರಮೇಶ: ಯುರೇನಿಲ್ ಪಿಎಚ್ 4ರ ಸುತ್ತ, ಆಮ್ಲ ತಡೀದ ಫೇಜ್ ಅದರಾಗ ಮುರೀತದ. ಜೋಡಿ ಗ್ರಿಡ್ಡಿಗೆ 2% ಪಿಟಿಎ (ಫಾಸ್ಫೊಟಂಗ್‌ಸ್ಟಿಕ್ ಆಮ್ಲ, ಇನ್ನೊಂದು ಸ್ಟೇನ್), ಪಿಎಚ್ 7 ಮಾಡಿ ಹಾಕು. ಅಲ್ಲೂ ಅದ 110ರ ಕಡ್ಡಿ ಬಂದ್ರ ಸ್ಟೇನಿನ ತಪ್ಪಲ್ಲ.